ಬೇವಿನ ಮರದ ಕಡೆಯ ಸಾಲು

ಫೇಲಾದರೆ?

ಈ ಒಂದು ಪ್ರಶ್ನೆಯನ್ನು ಉಜ್ಜಿನಪ್ಪ ಮಾಸ್ತರರು ಕುರುಗೋಡಿನಿಂದ ಇಲ್ಲಿಯವರೆಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡೇ ಬಂದಿದ್ದಾರೆ. ಫೇಲಾದರೆ ತಮ್ಮ ಶಾಲೆಯ ಹುಡುಗಿ ಪಾರಮ್ಮನಿಗೆ ಮದುವೆ. ಸಿರುಗುಪ್ಪದ ಕಡೆಯ ಸೋದರಮಾವ ಕಾದಿದ್ದಾನೆ, ಅವಳ ಅಜ್ಜ ಮಾತು ಕೊಟ್ಟಾಗಿದೆ. ಎಸ್ಸೆಸ್ಸೆಲ್ಸಿಗೆ ಒಂದೇ ಸಲ ಕೂರಲಿ, ದಾಟಿದರೆ ಮುಂದೆ ಓದಲಿ, ಬಿದ್ದರೆ ತಾಳಿ ಕಟ್ಟಿಸೋಣ ಎಂಬುದು ಆ ಮನೆಯ ಒಪ್ಪಂದ. ಆರ್ಟ್ಸು ತೆಗೆದುಕೊಂಡರೆ ಹುಡುಗಿ ಕಣ್ಣು ಮುಚ್ಚಿಕೊಂಡು ಪಾಸಾಗುತ್ತಾಳೆ. ಸೈನ್ಸು, ದೊಡ್ಡ ಲೆಕ್ಕ ತೆಗೆದುಕೊಂಡರೆ ಏನಾಗುತ್ತದೋ ಯಾರು ಬಲ್ಲರು? ಲೆಕ್ಕದ ಮಾಸ್ತರರನ್ನು ಕೇಳಿದರೆ ಅವರು ಅಂಗೈ ಮೇಲೆ ಕೆಳಗೆ ಮಾಡಿ ತೋರಿಸಿದರು. ಡ್ರಿಲ್ ಮಾಸ್ತರನಾದ ತನಗಂತೂ ಬೀಜಗಣಿತದ ಗಂಧ ಗಾಳಿ ಇಲ್ಲ. ತನಗೇ ಗೊತ್ತಿಲ್ಲದವನು ಇನ್ನೊಬ್ಬರ ಮನೆಯ ಕೂಸನ್ನು ಕಷ್ಟದ ಕಡೆಗೆ ನೂಕಬಹುದೇ?

ಅವರು ಸೈಕಲ್ಲಿನಿಂದ ಇಳಿದು ನಿಂತಿದ್ದಾರೆ. ೧೯೬೮ರ ಜೂನ್ ತಿಂಗಳ ನಸುಕು. ಬಾದನಹಟ್ಟಿಗೆ ಇನ್ನೂ ಒಂದು ಮೈಲಿ ಇರುವಾಗ ಕಾಲುವೆ ಎರಡಾಗಿ ಒಡೆಯುತ್ತದೆ. ಬೇಸಿಗೆಯಲ್ಲಿ ನೀರು ನಿಲ್ಲಿಸಿದ್ದರಿಂದ ಎರಡೂ ಕವಲು ಒಣಗಿ, ತಳದ ಮಣ್ಣು ಬಾಯಿ ಬಿಟ್ಟಿದೆ. ಮೊನ್ನೆ ಬಿದ್ದ ಮೊದಲ ಮಳೆಗೆ ಎರೆಹೊಲ ಮಾತ್ರ ಕಪ್ಪಾಗಿ ಮಿದುವಾಗಿ ಮಲಗಿದೆ. ಸೈಕಲ್ಲನ್ನು ತಿರುಗಿಸಿಬಿಟ್ಟರೆ ಮುಗಿಯಿತು. ಪಾರಮ್ಮನ ತಾಯಿ ಹೊನ್ನೂರಮ್ಮ ಇವತ್ತು ಶಾಲೆಗೆ ಹೋಗಲು ಇವರು ಬರಲೆಂದು ಕಾದು, ಬರದಿದ್ದರೆ ಕೂಲಿಗೆ ಹೋಗುತ್ತಾಳೆ. ಹುಡುಗಿ ಆರ್ಟ್ಸಿನ ಸುಲಭದ ಸಾಲಿಗೆ ನಿಲ್ಲುತ್ತಾಳೆ. ಯಾರೂ ಇವರನ್ನು ಬೈಯುವುದಿಲ್ಲ.

ಊರಿನ ಕಡೆಯಿಂದ ಎತ್ತಿನ ಕೊರಳ ಗಂಟೆ ಕೇಳುತ್ತದೆ. ಬಾದನಹಟ್ಟಿಯ ಎರ್ರಣ್ಣ, ಬಿತ್ತುವ ಕೂರಿಗೆ ಹೇರಿಕೊಂಡು ಹೊಲಕ್ಕೆ ಹೊರಟವನು, ಎತ್ತು ನಿಲ್ಲಿಸುತ್ತಾನೆ.

"ಏಮಿ ಸೀಟಿ ಸಾರು, ಕಾಲಿವಿ ಕಾಯಾಕ ನಿಂತೀರೇನು? ನೀರು ಬಿಡಾಕ ಇನ್ನೂ ದಿನ ಐತಿ."

"ನೀರಿನ ಮಾತು ಬಿಡಲೇ. ಇವತ್ತು ಮಗನ ಸಾಲಿಗೆ ಬರ್ತಿಯೋ ಇಲ್ಲೋ ಅದನ್ನ ಹೇಳು."

ಬಿತ್ತಿಗೆ ಬಿಟ್ಟು ಹೆಂಗ ಬರಲಿ ಎಂದು ಎರ್ರಣ್ಣ ತಲೆ ಕೆರೆದುಕೊಳ್ಳುತ್ತಾನೆ. ಹದ ಆರಿಹೋಗುತ್ತದೆ, ಮಗನನ್ನು ಯಾವ ಕಡೆ ನಿಲ್ಲಿಸಿದರೂ ನಡೆಯುತ್ತದೆ, ನೀವೇ ನೋಡಿಕೊಳ್ಳಿ ಎನ್ನುತ್ತಾನೆ. ಉಜ್ಜಿನಪ್ಪ ಮಾಸ್ತರರ ದನಿ ಮೈದಾನದಲ್ಲಿ ಏರುವಂತೆ ಇಲ್ಲಿಯೂ ಏರುತ್ತದೆ. "ನಾ ನೋಡಂಗಿಲ್ಲ. ಅವ ನಿನ್ನ ಮಗ. ಮಳಿ ಮತ್ತ ಬರ್ತೈತಿ, ಈ ದಿನ ಬರಂಗಿಲ್ಲ."

ಹೇಳಿದ ಮೇಲೆ ಆ ಮಾತು ತಮ್ಮ ಕಿವಿಗೂ ಬೀಳುತ್ತದೆ. ಆಮೇಲೆ ಸೈಕಲ್ ಹತ್ತಿ ಬಾದನಹಟ್ಟಿಯ ಕಡೆಗೇ ತುಳಿಯುತ್ತಾರೆ.

ಕುರುಗೋಡಿನ ಸುತ್ತಮುತ್ತ ಉಜ್ಜಿನಪ್ಪ ಎಂದರೆ ಯಾರೆಂದು ಕೇಳುವವರೇ ಹೆಚ್ಚು. ಸೀಟಿ ಮಾಸ್ತರ ಎಂದರೆ ಮನೆ ತೋರಿಸುತ್ತಾರೆ. ಹುಟ್ಟಿದ್ದು ಕೆಂಚನಗುಡ್ಡದಲ್ಲಿ. ತುಂಗಭದ್ರೆಯಲ್ಲಿ ಈಜಿ ಬೆಳೆದ ಮೈ, ಅಗಲ ಎದೆ, ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೇಳುವ ದನಿ. ಸಿರುಗುಪ್ಪದಲ್ಲಿ ಹೇಗೋ ಎಸ್ಸೆಸ್ಸೆಲ್ಸಿ ಮುಗಿಸಿ, ಡ್ರಿಲ್ ತರಬೇತಿ ಪಡೆದು ಹೈಸ್ಕೂಲಿಗೆ ಸೇರಿ ಹದಿನಾಲ್ಕು ವರ್ಷವಾಯಿತು. ಆ ಹೈಸ್ಕೂಲಿನ ಹೆಸರು ಇಲ್ಲಿ ಬೇಡ, ಮಕ್ಕಳಿಗೆ ತೊಂದರೆಯಾದೀತು ಎಂದು ಅವರೇ ಕೇಳಿಕೊಂಡಿದ್ದಾರೆ. ಮಾಸ್ತರರ ಕೋಣೆಯಲ್ಲಿ ಅವರಿಗೆ ಕುರ್ಚಿ ಇಲ್ಲ. ಚೆಂಡು, ಹಗ್ಗ, ಲೇಜಿಮು ಇಡುವ ಸಣ್ಣ ಕೋಣೆಯೇ ಅವರದು. ಪಾಠ ಹೇಳದವನು ಎಂಥ ಮಾಸ್ತರ ಎಂಬ ಮಾತು ಅವರ ಬೆನ್ನ ಹಿಂದೆ ಆಡುವಂಥದ್ದಲ್ಲ, ಎದುರಿಗೇ ಆಡುವಂಥದ್ದು.

ಪ್ರತಿ ಜೂನ್ ತಿಂಗಳಲ್ಲಿ ಅವರ ಸೀಟಿಗೆ ಒಂದು ವಿಶೇಷ ಕೆಲಸವಿದೆ. ಎಂಟನೇ ಇಯತ್ತೆ ದಾಟಿದ ಮಕ್ಕಳು ಒಂಬತ್ತಕ್ಕೆ ಹೋಗುವಾಗ ಐಚ್ಛಿಕ ವಿಷಯ ಹಂಚುವ ದಿನ ಅದು. ಸೈನ್ಸಿನವರು ಮೈದಾನದ ಬೇವಿನ ಮರದ ಕಡೆ, ಆರ್ಟ್ಸಿನವರು ಗೋಡೆಯ ಕಡೆ ನಿಲ್ಲಬೇಕು. ಹೆಡ್ಮಾಸ್ತರರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕೈ ಮಾಡಿ ತೋರಿಸುತ್ತಾರೆ. ಕೊನೆಗೆ ಡ್ರಿಲ್ ಮಾಸ್ತರರು ಒಂದು ಉದ್ದನೆಯ ಸೀಟಿ ಹಾಕುತ್ತಾರೆ. ಸೀಟಿಯಾದ ಮೇಲೆ ಯಾರೂ ಅತ್ತಿತ್ತ ಸರಿಯುವಂತಿಲ್ಲ, ಸಾಲುಗಳು ನೇರವಾಗಿ ಎರಡು ಕೋಣೆಗಳಿಗೆ ನಡೆಯುತ್ತವೆ. ಪಾಲಕರು ಖುದ್ದು ಬಂದು ಹೇಳಿದರೆ ಅವರ ಮಾತು ಕೇಳಬೇಕು, ಬಾರದಿದ್ದರೆ ಶಾಲೆಯೇ ನಿರ್ಧರಿಸುತ್ತದೆ ಎಂಬುದು ಪದ್ಧತಿ. ಅಂಗಡಿ ಇದ್ದವರು, ಕಚೇರಿಯಲ್ಲಿದ್ದವರು ಬರುತ್ತಾರೆ. ಬಿತ್ತಿಗೆಯ ದಿನಗಳಲ್ಲಿ ಹಳ್ಳಿಯಿಂದ ಬರುವವರು ಯಾರು? ನಡೆದು ಬರುವ ಮಕ್ಕಳೆಲ್ಲ ತಮ್ಮಷ್ಟಕ್ಕೆ ತಾವೇ ಗೋಡೆಯ ಕಡೆ ಹೋಗಿ ಬಿಸಿಲಿಗೆ ನಿಲ್ಲುತ್ತಿದ್ದರು.

ಅದರ ಅರ್ಥ ಮಾಸ್ತರರಿಗೆ ತಿಳಿದದ್ದು ಸಂಗನಕಲ್ಲಿನ ಮಾರೆಣ್ಣ ಬಂದ ದಿನ. ಮಾರೆಣ್ಣ ಗುಡ್ಡದಲ್ಲಿ ಕಲ್ಲು ಒಡೆಯುವವನು. ಮಗನನ್ನು ಕುರುಗೋಡಿನ ಅಜ್ಜಿಯ ಮನೆಯಲ್ಲಿಟ್ಟು ಓದಿಸಿದ. ಹುಡುಗ ಒಳ್ಳೆಯ ನಂಬರಿನಲ್ಲಿ ಪಾಸಾದ. ಅಪ್ಪ ಹೊಸ ರುಮಾಲು ಸುತ್ತಿ ಮಗನನ್ನು ಬಳ್ಳಾರಿಯ ಕಾಲೇಜಿಗೆ ಕರೆದುಕೊಂಡು ಹೋಗಿ, ಡಾಕ್ಟರ್ ಓದಿಗೆ ಹಾಕಿಕೊಳ್ಳಿ ಎಂದ. ಸೈನ್ಸ್ ಓದಿಲ್ಲ, ಬರುವುದಿಲ್ಲ ಎಂದರು. ಮಾರೆಣ್ಣ ಅಲ್ಲಿಂದ ಮಗನೊಡನೆ ನೇರ ಕುರುಗೋಡಿಗೆ ಬಂದ. ಮೈದಾನದಲ್ಲಿ ಮೊದಲು ಕಂಡವರು ಡ್ರಿಲ್ ಮಾಸ್ತರರು.

"ಪಾಸಾದ್ರೂ ಯಾಕ ಬ್ಯಾಡ ಅಂದ್ರು ಸಾರು?" ಎಂದು ಕೇಳಿದ. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು, ಅಷ್ಟೆ. ಗೋಡೆಯ ಕಡೆ ನಿಂತ ಆ ಹುಡುಗನಿಗೂ ಸೀಟಿ ಊದಿದವರು ಉಜ್ಜಿನಪ್ಪ ಮಾಸ್ತರರೇ. ಮಾರೆಣ್ಣ ಸ್ವಲ್ಪ ಹೊತ್ತು ಕಾದು, ರುಮಾಲು ಬಿಚ್ಚಿ ಮಡಿಚಿ ಬಗಲಿಗಿಟ್ಟುಕೊಂಡು ಹೋದ. ಆ ರುಮಾಲನ್ನು ಅಷ್ಟು ನಿಧಾನವಾಗಿ ಮಡಿಚಿದ್ದು ಇವರಿಗೆ ಈಗಲೂ ಕಾಣುತ್ತದೆ.

ಮರುವಾರ ಅವರೇ ಬಳ್ಳಾರಿಗೆ ಹೋದರು. ಕಾಲೇಜಿನಲ್ಲಿ, ಓವರ್‌ಸಿಯರ್ ಓದು ಕಲಿಸುವಲ್ಲಿ, ನರ್ಸುಗಳ ತರಬೇತಿಯಲ್ಲಿ, ಎಲ್ಲಿ ಏನು ಓದಿ ಬರಬೇಕು ಎಂದು ಕಿಟಕಿ ಕಿಟಕಿ ಕೇಳಿದರು. ಕೇಳಿದ್ದನ್ನು ಬಾಯಿಪಾಠ ಮಾಡಿಕೊಂಡರು. ಅಂದಿನಿಂದ ಅವರ ಬೆಳಗು ನಸುಕಿಗೇ ಆಗುತ್ತದೆ. ಹಳ್ಳಿಯ ಅಪ್ಪಂದಿರು ಮಾತಿಗೆ ಸಿಗುವುದು ಸೂರ್ಯ ಹುಟ್ಟುವ ಮುಂಚೆ ಮಾತ್ರ. "ಮುಳುಗಿದ ಮ್ಯಾಲೂ ಸಿಗ್ತಾರ್ರಿ, ಆದ್ರ ಆವಾಗ ಕುಡದಿರ್ತಾರ, ಅವ್ರು ಹೇಳೋದ ನಾವು ಕೇಳಬೇಕಾಗ್ತೈತಿ" ಎಂದು ನಗುತ್ತಾರೆ. ಹತ್ತಿರದ ಏಳೆಂಟು ಹಳ್ಳಿ, ಒಂದು ಬೆಳಗಿಗೆ ಒಂದೂರು. ಪ್ರಾರ್ಥನೆಯ ಗಂಟೆಗೆ ಮೈದಾನದಲ್ಲಿ ಹಾಜರು. ಹೆಂಡತಿ ಅಕ್ಕನಾಗಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನು ಎಷ್ಟೋ ದಿನ ಸೈಕಲ್ ಮೇಲೆಯೇ ಮುರಿದು ತಿಂದದ್ದುಂಟು. "ಮಂದಿ ಮಕ್ಕಳ ಸಲುವಾಗಿ ಟೈರ್ ಸವದಾವು, ಮನ್ಯಾಗ ಬೀಸೋ ಕಲ್ಲು ಒಡದು ವರ್ಷಾತು" ಎಂದು ಆಕೆ ಬಂದವರೆದುರು ಹಂಗಿಸುತ್ತಾರೆ. ಮರುದಿನ ರೊಟ್ಟಿ ಕಟ್ಟುವುದನ್ನು ಮಾತ್ರ ಬಿಡುವುದಿಲ್ಲ.

ತಿಳಿಸಿ ಹೇಳುವುದು ಸುಲಭವಾಗಿರಲಿಲ್ಲ. ಈ ಕಡೆಯವರು ಎಲ್ಲಿಗೆ ಹೋಗುವುದಿದ್ದರೂ ಮೊದಲು ಬಳ್ಳಾರಿಗೆ ಹೋಗಿ, ಅಲ್ಲಿ ಇಳಿದು, ಬೇಕಾದ ಬಸ್ಸು ಹಿಡಿಯುತ್ತಾರೆ. ಓದೂ ಹಾಗೆಯೇ ಎಂದು ಅವರ ನಂಬಿಕೆ. ಮೊದಲು ಹುಡುಗ ಹೇಗಾದರೂ ಪಾಸಾಗಲಿ, ಬಳ್ಳಾರಿ ಮುಟ್ಟಲಿ, ಡಾಕ್ಟರೋ ಇಂಜಿನಿಯರೋ ಅಲ್ಲಿ ಇಳಿದ ಮೇಲೆ ನೋಡಿದರಾಯಿತು. ಎಷ್ಟು ಬಾಯಿ ನೋಯಿಸಿಕೊಂಡರೂ ಈ ಬಸ್ಸು ಅವರ ತಲೆಯಿಂದ ಇಳಿಯಲಿಲ್ಲ. ಕೊನೆಗೆ ಒಂದು ಸಂಕ್ರಾಂತಿಯ ಮುಂದೆ ಮಾಸ್ತರರು ಬಾದನಹಟ್ಟಿಯ ನಾಲ್ಕಾರು ಮಂದಿಯನ್ನು ಕಾಲುವೆ ಕವಲೊಡೆಯುವಲ್ಲಿಗೆ ಕರೆತಂದರು. ಜೋಳದ ದಂಟಿನ ಎರಡು ತುಂಡು ನೀರಿಗೆ ಬಿಟ್ಟರು. ಒಂದು ಎಡಗವಲಿಗೆ ಹೋಯಿತು, ಇನ್ನೊಂದು ಬಲಗವಲಿಗೆ. ಈಗ ಎಡಗಡೆಯದನ್ನು ಬಲಗಡೆಯ ಹೊಲಕ್ಕೆ ಮುಟ್ಟಿಸಿ ನೋಡೋಣ ಎಂದರು.

ನೀರಿನ ಪಾಳಿಗಾಗಿ ತಲೆ ಒಡೆದುಕೊಂಡವರಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಎಲ್ಲರೂ ದಂಟು ಮರೆಯಾಗುವವರೆಗೆ ನೋಡುತ್ತ ನಿಂತರು. ಅಂದಿನಿಂದ ಪ್ರತಿ ವರ್ಷ ಕಾಲುವೆಯಲ್ಲಿ ನೀರಿರುವಾಗಲೇ ಎಂಟನೇ ಇಯತ್ತೆಯ ಮಕ್ಕಳ ತಂದೆ ತಾಯಂದಿರಿಗೆ ಈ ಪಾಠ ನಡೆಯುತ್ತದೆ.

ಈ ಸಲ ಆ ಗುಂಪಿನಲ್ಲಿದ್ದವಳು ಹೊನ್ನೂರಮ್ಮ. ಗಂಡ ಗಾಳೆಪ್ಪ ಮಂದಿಯ ಹೊಲದಲ್ಲಿ ನೇಗಿಲು ಹಿಡಿಯುವವನು, ಮಾತು ಕಡಿಮೆ. ಮಗಳು ಪಾರಮ್ಮ ಕಾಲುವೆ ಅಳೆಯಲು ಬಂದ ಓವರ್‌ಸಿಯರನ ಮೂರು ಕಾಲಿನ ದುರ್ಬೀನಿನಲ್ಲಿ ಒಮ್ಮೆ ಇಣುಕಿ ನೋಡಿದ್ದಾಳೆ. ಅಂದಿನಿಂದ ತಾನೂ ಅದನ್ನೇ ಓದಬೇಕೆಂದು ಹಟ. ದೊಡ್ಡ ಲೆಕ್ಕ ಓದದೆ ಆ ಓದು ಸಿಗುವುದಿಲ್ಲ ಎಂದು ಮಾಸ್ತರರೇ ಹೇಳಿದವರು. ಹೇಳಿದ ದಿನ ಅವರಿಗೆ ಅಜ್ಜನ ಒಪ್ಪಂದ ಗೊತ್ತಿರಲಿಲ್ಲ. ಗೊತ್ತಾದದ್ದು ಮೊನ್ನೆ.

ಬೆಳಕು ಹರಿಯುವಾಗ ಹೊನ್ನೂರಮ್ಮ ಊರ ಅಗಸೆಬಾಗಿಲಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ಮಗಳು. ಗಾಳೆಪ್ಪ ಹೊಲಕ್ಕೆ ಹೋಗಿಯಾಗಿದೆ. ಶಾಲೆಯಲ್ಲಿ ತನಗೆ ಮಾತು ಬರುವುದಿಲ್ಲ, ನೀನೇ ಹೋಗು ಎಂದನಂತೆ. ಮಾಸ್ತರರು ಸೈಕಲ್ ಹಿಡಿದು ಅವರ ಜೊತೆಗೇ ನಡೆಯುತ್ತಾರೆ. ಊರೂರಿನ ದಾರಿಗಳಿಂದ ಇನ್ನೂ ಕೆಲವರು ಬಂದು ಕೂಡಿಕೊಳ್ಳುತ್ತಾರೆ.

ಶಾಲೆಯ ಗೇಟಿನ ಹತ್ತಿರ ಬಂದಾಗ ಹಳ್ಳಿಯವರೆಲ್ಲ ತಾವಾಗಿ ನಿಂತುಬಿಡುತ್ತಾರೆ. ಯಾರೂ ತಡೆದಿಲ್ಲ. ಆದರೂ ಚಪ್ಪಲಿ ಕೈಗೆ ತೆಗೆದುಕೊಂಡು, ದನಿ ಇಳಿಸಿ, ಹೊರಗೇ ಉಳಿಯುತ್ತಾರೆ. ಮಾಸ್ತರರು ಗೇಟಿನ ಎರಡೂ ಬಾಗಿಲು ತೆರೆದು ಹಿಡಿದು, ಒಳಗ ಬರ್ರಿ, ಚಪ್ಪಲಿ ಹಾಕ್ಕೊಂಡ ಬರ್ರಿ ಎನ್ನುತ್ತಾರೆ.

ಹೆಡ್ಮಾಸ್ತರರು ಇಷ್ಟು ಜನರನ್ನು ನಿರೀಕ್ಷಿಸಿರಲಿಲ್ಲ. ಅವರು ಕೆಟ್ಟವರೇನಲ್ಲ. ಫಲಿತಾಂಶ ಇಳಿದರೆ ಮೇಲಿನವರು ಕೇಳುವುದು ಅವರನ್ನೇ. ಹಳ್ಳಿಯ ಮಕ್ಕಳು ಸೈನ್ಸ್ ತೆಗೆದುಕೊಂಡು ಬಿದ್ದರೆ ಶಾಲೆಗೂ ಕೆಡುಕು, ಮಕ್ಕಳಿಗೂ ಕೆಡುಕು ಎಂದು ಅವರು ಮನಸಾರೆ ನಂಬಿದ್ದಾರೆ. ಮಾಸ್ತರರನ್ನು ಪಕ್ಕಕ್ಕೆ ಕರೆದು, ಪಾರಮ್ಮನತ್ತ ತೋರಿಸಿ, ಆ ಹುಡುಗಿ ನಾಳೆ ಬಿದ್ದರೆ ಅವಳ ತಾಯಿಗೆ ನೀವು ಉತ್ತರ ಹೇಳುತ್ತೀರೇನು ಎಂದು ಕೇಳುತ್ತಾರೆ. ನಸುಕಿನಿಂದ ಸೈಕಲ್ಲಿನ ಹಿಂದೆ ಕೂತು ಬಂದ ಪ್ರಶ್ನೆ ಈಗ ಬೇರೊಬ್ಬರ ಬಾಯಲ್ಲಿ ಕೂತಿದೆ.

ಸಾಲು ನಿಲ್ಲಿಸುವುದು ಶುರುವಾಗುತ್ತದೆ. ಪೇಟೆಯ ಮಕ್ಕಳು ಬೇವಿನ ಮರದ ಕಡೆ, ನಡೆದು ಬಂದ ಮಕ್ಕಳು ಅಭ್ಯಾಸಬಲದಿಂದ ಗೋಡೆಯ ಕಡೆ. ಪಾರಮ್ಮನ ಸರದಿ ಬಂದಾಗ ಹೆಡ್ಮಾಸ್ತರರ ಕೈ ಗೋಡೆಯ ಕಡೆ ಎದ್ದದ್ದೇ ತಡ, ಹೊನ್ನೂರಮ್ಮ ಸೆರಗು ಬಿಗಿದುಕೊಂಡು ಮುಂದೆ ಬರುತ್ತಾಳೆ. ತನ್ನ ಮಗಳು ಸೈನ್ಸ್ ಓದಬೇಕು, ಓವರ್‌ಸಿಯರ್ ಆಗಬೇಕು ಎನ್ನುತ್ತಾಳೆ. ಮಕ್ಕಳು ಕಿಸಕ್ಕೆಂದು ನಗುತ್ತಾರೆ. ಹೆಡ್ಮಾಸ್ತರರೂ ಸಣ್ಣಗೆ ನಕ್ಕು, "ಹೆಣ್ಣು ಹುಡುಗಿಗೆ ಕಾಲುವೆ ಅಳೆಯೋ ಕೆಲಸ ಯಾರು ಕೊಡ್ತಾರಮ್ಮ?" ಎಂದು ಕೇಳುತ್ತಾರೆ.

"ಕಾಲಿವಿ ತೋಡೋವಾಗ ಬುಟ್ಟಿ ಮಣ್ಣು ಹೊತ್ತವ್ರು ನಾವ ಹೆಂಗಸ್ರು ಅದೀವ್ರಿ. ನಾನೂ ಹೊತ್ತೀನಿ. ಹೊರಾಕ ಆಗ್ತೈತಿ, ಅಳಿಯಾಕ ಆಗಂಗಿಲ್ಲೇನ್ರಿ?"

ನಗು ನಿಲ್ಲುತ್ತದೆ. ಹೆಡ್ಮಾಸ್ತರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಈಗ ಮೃದುವಾಗಿಯೇ ಹೇಳುತ್ತಾರೆ. ಅದು ಕಷ್ಟದ ಓದು, ಮಗಳು ಫೇಲಾಗಬಹುದು, ಆಮೇಲೆ ಶಾಲೆಯವರು ಹೇಳಲಿಲ್ಲ ಎನ್ನಬಾರದು.

ಆ ಒಪ್ಪಂದ, ಆ ಸೋದರಮಾವ, ಮನೆಯಲ್ಲಿರುವ ಮುದುಕ, ಎಲ್ಲ ಹೊನ್ನೂರಮ್ಮನ ಬಾಯಿಯೊಳಗೇ ಇವೆ. ಅವಳು ಅವುಗಳನ್ನು ಮೈದಾನಕ್ಕೆ ತರುವುದಿಲ್ಲ. ಮಗಳ ಮುಖ ನೋಡುತ್ತಾಳೆ. ಪಾರಮ್ಮ ನೆಲ ನೋಡುತ್ತಿಲ್ಲ, ಮರದ ಕಡೆಗೆ ನೋಡುತ್ತಿದ್ದಾಳೆ.

"ಫೇಲಾದ್ರ ನಮ್ಮ ಕೂಸು ಬರದು ಫೇಲಾಗ್ಲಿ ಸಾಹೇಬ್ರ. ಬರಿಯಾಕಿಂತ ಮದ್ಲ ನೀವು ಫೇಲು ಮಾಡಬ್ಯಾಡ್ರಿ."

ಪಾರಮ್ಮ ಯಾರ ಅಪ್ಪಣೆಗೂ ಕಾಯದೆ ಮೈದಾನ ದಾಟಿ ಬೇವಿನ ಮರದ ಕಡೆ ಹೋಗಿ ನಿಲ್ಲುತ್ತಾಳೆ. ಗೋಡೆಯ ಕಡೆಯಿಂದ ಇನ್ನೊಬ್ಬ ಹುಡುಗ ತನ್ನ ಅಪ್ಪನ ಕಡೆ ನೋಡುತ್ತಾನೆ. ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಾನೆ. ಹೆಡ್ಮಾಸ್ತರರಿಗೆ ಇದು ಎಲ್ಲಿಗೆ ಹೋಗುತ್ತದೆಂದು ತಿಳಿಯುತ್ತದೆ. ಸಾಕು, ಸೀಟಿ ಹಾಕಿ ಎಂದು ಅವರು ಡ್ರಿಲ್ ಮಾಸ್ತರರಿಗೆ ಹೇಳುತ್ತಾರೆ.

ಹದಿನಾಲ್ಕು ವರ್ಷ ಈ ಮಾತು ಬಿದ್ದ ಕೂಡಲೇ ಸೀಟಿ ತುಟಿಗೆ ಹೋಗಿದೆ. ಇವತ್ತು ಉಜ್ಜಿನಪ್ಪ ಮಾಸ್ತರರು ಕೊರಳಿನಿಂದ ಸೀಟಿಯ ದಾರ ತೆಗೆದು, ಸುತ್ತಿ, ಜೇಬಿಗೆ ಹಾಕಿಕೊಳ್ಳುತ್ತಾರೆ.

"ಇನ್ನೂ ಮಾತಾಡೋ ಮಂದಿ ಅದಾರ್ರಿ ಸಾರ್."

ಮೇಲಕ್ಕೆ ಬರೆಯುತ್ತೇನೆ, ಹೆಸರಿಲ್ಲದ ಊರಿಗೆ ಎತ್ತಿ ಹಾಕಿಸುತ್ತೇನೆ ಎಂದು ಹೆಡ್ಮಾಸ್ತರರು ಎದ್ದು ನಿಲ್ಲುತ್ತಾರೆ. ಇಡೀ ಮೈದಾನ ಕೇಳುವಂತೆ, ಆದರೆ ಸಿಟ್ಟಿಲ್ಲದೆ, ಮಾಸ್ತರರು ಹೇಳುತ್ತಾರೆ: "ಬರೀರಿ ಸಾರ್. ಆ ಊರಾಗೂ ಮಕ್ಕಳು ಇರ್ತಾವು, ಆ ಮಕ್ಕಳಿಗೂ ತಂದಿ ತಾಯಿ ಇರ್ತಾರ. ಸೈಕಲ್ ಅಂತೂ ನಂದ ಐತಿ."

ಆಮೇಲೆ ಒಬ್ಬೊಬ್ಬರೇ ಮುಂದೆ ಬರುತ್ತಾರೆ. ಒಬ್ಬ ಮುದುಕ ಮೊಮ್ಮಗನ ಹೆಸರು ಹೇಳಿ, ಮುಂದಿನ ಮಾತು ಮರೆತು, ಮರದ ಕಡೆ ಬೆರಳು ಮಾಡುತ್ತಾನೆ. ಅಷ್ಟೂ ಮಂದಿಯ ಮಾತು ಮುಗಿಯುವ ಹೊತ್ತಿಗೆ ಎರ್ರಣ್ಣ ಮೊಣಕಾಲ ತನಕ ಎರೆಮಣ್ಣು ಮೆತ್ತಿಕೊಂಡು ಏದುಸಿರು ಬಿಡುತ್ತ ಓಡಿ ಬರುತ್ತಾನೆ. ತನ್ನ ಮಗನಿಗೆ ಲೆಕ್ಕ ಎಂದರೆ ಜ್ವರ ಬರುತ್ತದೆ, ಅವನನ್ನು ಆರ್ಟ್ಸಿಗೇ ಹಾಕಿ ಎನ್ನುತ್ತಾನೆ. ಇದನ್ನು ಹೇಳುವುದಕ್ಕೆ ಬಿತ್ತಿಗೆ ಬಿಟ್ಟು ಬಂದೆಯಾ ಎಂದು ಯಾರೋ ಕೆಣಕುತ್ತಾರೆ. "ನಾ ಬಂದು ಹೇಳ್ದೆ ಅಂದ್ರ ನಂದು. ಸುಮ್ನ ಬಿಟ್ಟಿದ್ರ ಅದು ಅವ್ರದು" ಎನ್ನುತ್ತಾನೆ ಎರ್ರಣ್ಣ. ಮಗ ಗೋಡೆಯ ಕಡೆಯ ಸಾಲಿನಲ್ಲೇ ಎದೆ ಎತ್ತಿ ನಿಲ್ಲುತ್ತಾನೆ.

ಆಗ ಉಜ್ಜಿನಪ್ಪ ಮಾಸ್ತರರು ಜೇಬಿಗೆ ಕೈ ಹಾಕಿ ಸೀಟಿ ತೆಗೆದು ಊದುತ್ತಾರೆ. ಬೇವಿನ ಮರದ ಕಡೆಯ ಸಾಲು ಈ ಸಲ ನೆರಳನ್ನು ದಾಟಿ ಬಿಸಿಲಿನವರೆಗೂ ಬೆಳೆದಿದೆ.

ಎತ್ತಿ ಹಾಕಿಸುವ ಮಾತಿನ ಬಗ್ಗೆ ಕೇಳಿದರೆ ಅವರು ಭುಜ ಕುಣಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಬೇವಿನ ಮರದ ಕಡೆ ಕೈ ತೋರಿಸುತ್ತಾರೆ. "ಆ ಗಿಡದ ಕೆಳಗ ಒಂದು ಬೆಂಚ್ ಬೇಕ್ರಿ. ತಂದಿ ತಾಯಿ ಬಂದ್ರ ಕುಂದ್ರಾಕ. ಇಷ್ಟು ವರ್ಷಾತು, ಈ ಸಾಲ್ಯಾಗ ಅವ್ರು ಕುಂತಿದ್ದ ನಾ ನೋಡಿಲ್ಲ." ಅಷ್ಟನ್ನೇ ಅವರು ಕೇಳುವುದು.

ಆ ಮಧ್ಯಾಹ್ನ ಮಂದಿ ಚದುರಿದ ಮೇಲೆ ಹೊನ್ನೂರಮ್ಮ ಗೇಟಿನ ಹೊರಗೆ ಇವರಿಗಾಗಿ ನಿಂತಿದ್ದಳು. ಮಗಳು ಪಾಸಾಗುತ್ತಾಳಲ್ಲವೇ ಎಂದು ಕೇಳಿದಳು. ಅದು ತನಗೆ ಗೊತ್ತಿಲ್ಲ ಎಂದು ಮಾಸ್ತರರು ಇದ್ದದ್ದನ್ನು ಹೇಳಿದರು. ಲೆಕ್ಕದ ಮಾಸ್ತರರು ಸಂಜೆ ಹೊತ್ತು ಹೇಳಿಕೊಡಲು ಒಪ್ಪಿದ್ದಾರೆ, ಹುಡುಗಿ ಒಂದು ದಿನವೂ ತಪ್ಪಿಸಬಾರದು, ಕತ್ತಲಾದರೆ ಊರ ತನಕ ನಾನೇ ಬಿಟ್ಟು ಬರುತ್ತೇನೆ ಎಂದರು. ಹೊನ್ನೂರಮ್ಮ ತಲೆಯಾಡಿಸಿದಳು. ಹೋಗುವಾಗ ತಿರುಗಿ ನಿಂತು ಹೇಳಿದಳು:

"ನನಗ ಕೈ ಕಾಲು ನಡುಗತಿದ್ವು ಸಾರು. ನಿಮ್ಮ ಮಾರಿ ನೋಡ್ದೆ. ನೀವು ಅಂಜಿದ್ದಿಲ್ಲ. ಅದಕ್ಕ ನಾನೂ ಅಂಜಲಿಲ್ಲ."

ಮಾಸ್ತರರು ಸೀಟಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತ ನಿಂತರು. ಅದೇ ದಿನದ ನಸುಕಿನಲ್ಲಿ ಕಾಲುವೆಯ ಕವಲಿನ ಹತ್ತಿರ ಸೈಕಲ್ ತಿರುಗಿಸಿ ಮನೆಗೆ ಹೋಗಿಬಿಡಬೇಕೆಂದು ತನಗೂ ಅನ್ನಿಸಿತ್ತು ಎಂಬುದನ್ನು ಅವರು ಆಕೆಗೆ ಹೇಳಲಿಲ್ಲ.